ದೇವೀರಮ್ಮನ ಬೆರಕೆ ಸೊಪ್ಪು

ದೇವೀರಮ್ಮ ಎಲ್ಲರಿಗಿಂತ ಮೊದಲು ಉಣ್ಣುತ್ತಿದ್ದರು. ಮನೆಗೆ ನೆಂಟರು ಬಂದಿರಲಿ, ಹಬ್ಬವಿರಲಿ, ಮುದ್ದೆ ಕಟ್ಟಿದ ತಕ್ಷಣ ಮೊದಲನೆಯದನ್ನು ತಮ್ಮ ತಟ್ಟೆಗೆ ಹಾಕಿಕೊಂಡು, ಒಲೆಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಯಾರ ಮುಖವನ್ನೂ ನೋಡದೆ ಉಂಡು, ಕೈ ತೊಳೆದು, ಆಮೇಲೆ "ಬನ್ರಪ್ಪ, ತಟ್ಟೆ ಆಕ್ಕೊಳಿ" ಎಂದು ಕರೆಯುತ್ತಿದ್ದರು. ಅಶೋಕಪುರಂನ ನಮ್ಮ ವಠಾರದಲ್ಲಿ ಇದೇನು ಸಣ್ಣ ಅಪರಾಧವಲ್ಲ. ನಮ್ಮಲ್ಲಿ ಗಂಡಸರು ಉಂಡು, ಮಕ್ಕಳು ಉಂಡು, ಅತ್ತೆ ಉಂಡು, ಉಳಿದಿದ್ದರೆ ಸೊಸೆ ಉಣ್ಣಬೇಕು. ಉಳಿಯದಿದ್ದರೆ ಪಾತ್ರೆಯ ತಳ ಹತ್ತಿದ ಸೀಕನ್ನು ಕೆರೆದು ತಿಂದು, ಮೇಲೆ ನೀರು ಕುಡಿದು, "ನಂಗೇನು ಹಸಿವೇ ಇರ್ಲಿಲ್ಲ" ಅನ್ನಬೇಕು. ನಾನೂ ಮದುವೆಯಾಗಿ ಬಂದ ದಿನದಿಂದ ಹಾಗೇ ಅನ್ನುತ್ತಿದ್ದೆ.

ವಠಾರದವರು ಬೆನ್ನ ಹಿಂದೆ ಅವರನ್ನು ಹೊಟ್ಟೆಬಾಕಿ ಅನ್ನುತ್ತಿದ್ದರು. ನಮ್ಮತ್ತೆ ಎದುರಿಗೇ ಅನ್ನುತ್ತಿದ್ದರು. ಒಂದು ದಿನ ನಲ್ಲಿಯ ಹತ್ತಿರ, "ದೇವ್ರಿಗೂ ಎಡೆ ಇಡ್ದೆ ತಿಂತಾಳಲ್ಲ, ಏನ್ ಹೆಂಗ್ಸೋ!" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ದೇವೀರಮ್ಮ ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಏರಿಸಿಕೊಂಡು, "ದೇವ್ರಿಗೆ ರಕ್ತ ಕಮ್ಮಿ ಆಯ್ತದಾ? ಆದ್ರೆ ಯೋಳು, ಮೊದ್ಲು ಅವ್ನಿಗೇ ಇಕ್ತೀನಿ" ಅಂದು ನಡೆದೇಬಿಟ್ಟರು. ನಲ್ಲಿಯ ಹತ್ತಿರ ನಿಂತವರೆಲ್ಲ ಕಿಸಕ್ಕನೆ ನಕ್ಕರು. ಅತ್ತೆ ಆ ದಿನವೆಲ್ಲ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟರು.

ದೇವೀರಮ್ಮ ನಮ್ಮ ಪಕ್ಕದ ಮನೆಯವರು. ಎತ್ತರದ ಆಳು, ಹಣೆಯ ಮೇಲೆ ಹಸಿರು ಹಚ್ಚೆ, ಮೊಣಕೈವರೆಗೆ ಎಣ್ಣೆ ಸಿಡಿದ ಕಲೆ. ಸರಸ್ವತಿಪುರಂನ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ವರ್ಷಗಟ್ಟಲೆ ಅಡುಗೆ ಮಾಡಿ, ವಯಸ್ಸಾಯಿತೆಂದು ಬಿಟ್ಟುಬಂದಿದ್ದರು. ದೊಡ್ಡ ಹಂಡೆಗಳ ಸದ್ದಿನ ನಡುವೆ ಕೂಗಿ ಕೂಗಿ ಅವರಿಗೆ ಮೆತ್ತಗೆ ಮಾತಾಡುವುದೇ ಮರೆತುಹೋಗಿತ್ತು. ಗುಟ್ಟು ಹೇಳಿದರೂ ಬೀದಿಯ ತುದಿಗೆ ಕೇಳುತ್ತಿತ್ತು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಮ್ಮನ ಮಗ ಒಬ್ಬ ಆಗಾಗ ಬಂದು ಹೋಗುತ್ತಿದ್ದ. ನಾನು ಅವರನ್ನು ದೊಡ್ಡಮ್ಮ ಅನ್ನುತ್ತಿದ್ದೆ.

ನಾನೋ ಹುಟ್ಟು ಪುಕ್ಕಲಿ. ಹಲ್ಲಿ ಬಿದ್ದರೂ ಹೆದರುವವಳು. ಆದರೆ ಆ ವರ್ಷ ನನಗೆ ಬಂದ ಹೆದರಿಕೆ ಹಲ್ಲಿಯದಲ್ಲ. ಗೂಡ್ಸ್ ಆಟೋ ಓಡಿಸುತ್ತಿದ್ದ ನನ್ನ ಗಂಡ ಮಹೇಶ ರಿಂಗ್ ರೋಡಿನಲ್ಲಿ ಗಾಡಿ ಮಗುಚಿ ಕಾಲು ಮುರಿದುಕೊಂಡು ಮಲಗಿದ್ದರು. ಅತ್ತೆಗೆ ಸಕ್ಕರೆ ಕಾಯಿಲೆ. ನಾನು ಬಸುರಿ. ಮೊದಲನೆಯದು ಒಮ್ಮೆ ಕೈತಪ್ಪಿ ಹೋಗಿತ್ತು. ಅದಕ್ಕೇ ಹೆದರಿ ದೇವರಾಜ ಮೊಹಲ್ಲಾದ ಸೀರೆ ಅಂಗಡಿಯ ಕೆಲಸ ಬಿಟ್ಟಿದ್ದೆ. ಆರೋಗ್ಯ ಕೇಂದ್ರದ ಸಿಸ್ಟರ್ ನನ್ನ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿ, ರಕ್ತ ಪರೀಕ್ಷೆಯ ಚೀಟಿ ನೋಡಿ, "ಏನಮ್ಮಾ ಇದು, ಮೈಯಲ್ಲಿ ರಕ್ತಾನೇ ಇಲ್ವಲ್ಲ. ಹೆರಿಗೆ ಹೊತ್ತಿಗೆ ಏರಿಸ್ಕೊಳ್ದೆ ಹೋದ್ರೆ ನಿಮಗೂ ಕಷ್ಟ, ಮಗೂಗೂ ಕಷ್ಟ. ಮಾತ್ರೆ ತಗೊಳಿ, ಹಣ್ಣು, ಮೊಟ್ಟೆ, ಸೊಪ್ಪು, ಕಾಳು ಚೆನ್ನಾಗಿ ತಿನ್ನಿ" ಅಂದರು. ಕೆಟ್ಟವರಲ್ಲ ಪಾಪ, ಅವರ ಕೆಲಸ ಅವರು ಮಾಡಿದರು. ಆದರೆ ದುಡಿಮೆಯೇ ಇಲ್ಲದ ಮನೆಯಲ್ಲಿ ಹಣ್ಣು, ಮೊಟ್ಟೆ ಎಲ್ಲಿಂದ ತರಲಿ? ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಸದ್ದಾಗದ ಹಾಗೆ ಅಳುತ್ತಿದ್ದೇನೆ ಅಂದುಕೊಂಡಿದ್ದೆ. ಗೋಡೆಯಾಚೆಯಿಂದ "ಯಾರವ್ವಾ ಅದು ಅಳೋದು, ಬಾಗ್ಲು ತಗಿ" ಎಂದು ಗುಡುಗು ಬಂತು.

ದೇವೀರಮ್ಮ ಒಳಗೆ ಬಂದವರು ಸಮಾಧಾನ ಗಿಮಾಧಾನ ಏನೂ ಮಾಡಲಿಲ್ಲ. "ಡಬ್ಬ ಎಲ್ಲಾ ಕೆಳುಕ್ಕೆ ಇಳ್ಸು" ಅಂದರು. ಇಳಿಸಿದೆ. ಒಂದೊಂದನ್ನೇ ಅಲ್ಲಾಡಿಸಿ, ಮುಚ್ಚಳ ತೆಗೆದು, ಕೈ ಹಾಕಿ, ಮೂಸಿ ನೋಡಿದರು. ಸೊಸೈಟಿಯ ಅಕ್ಕಿ, ಸೊಸೈಟಿಯ ರಾಗಿ, ಒಂದಷ್ಟು ಹುರುಳಿಕಾಳು, ಹುಚ್ಚೆಳ್ಳು, ಹುಣಸೆಹಣ್ಣು, ಮೆಣಸಿನಕಾಯಿ. "ಇಷ್ಟೆಲ್ಲ ಇಟ್ಕೊಂಡು ಅಳ್ತಾ ಕೂತಿದ್ದೀಯಲ್ಲ ಮಗಾ, ನಿನ್ ಮನೆ ಕಾಯ್ವಾಗ! ಆಸ್ಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಒಟ್ಟೆಗೆ ಅಂಗೆ ಯೋಳಕಾಯ್ತದಾ? ಒಟ್ಟೆ ಕೇಳ್ದಷ್ಟು ಕೊಡ್ಬೇಕು. ಏನ್ ಕೊಡ್ಬೇಕು ಅಂತ ನಾವು ಲೆಕ್ಕ ಆಕ್ಬೇಕು."

ಅವರ ಲೆಕ್ಕ ಬಾಯಿಲೆಕ್ಕ. ಒಲೆ ಒಂದೇ, ಕಾಯಿಲೆ ಮೂರು, ಹಾಗಂತ ಮೂರು ಅಡುಗೆ ಮಾಡಲು ನಾವೇನು ಅರಮನೆಯವರಲ್ಲ. ಒಂದೇ ಪಾತ್ರೆಯಿಂದ ಮೂವರಿಗೂ ಬೇಕಾದದ್ದು ಬರಬೇಕು. ಹುರುಳಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಸೊಪ್ಪಿನ ಜೊತೆ ಬೇಯಿಸಿ, ಕಟ್ಟು ಬಸಿದು ಅದರಲ್ಲಿ ಬಸ್ಸಾರು, ಬೆಂದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ. ಮುರಿದ ಕಾಲಿನವರಿಗೆ ರಾಗಿ ಮುದ್ದೆ ಜಾಸ್ತಿ. ಸಕ್ಕರೆಯವರಿಗೆ ಮುದ್ದೆ ಚಿಕ್ಕದು, ಪಲ್ಯ ಹೆಚ್ಚು, ಅನ್ನ ಹೆಸರಿಗಷ್ಟೆ. ಬಸುರಿಗೆ ಎಲ್ಲವೂ, ಮೇಲೆ ಒಂದು ಹೋಳು ನಿಂಬೆಹಣ್ಣು ಹಿಂಡಿ. ತೆಂಗಿನಕಾಯಿ ಮುಟ್ಟುವ ಹಾಗಿಲ್ಲ, ಅದರ ಬದಲು ಹುಚ್ಚೆಳ್ಳಿನ ಚಟ್ನಿ. ಮೊಟ್ಟೆ ಬಂದ ದಿನ ಮೊದಲನೆಯದು ನನಗೆ. ಹಣ್ಣಿಗೆ ಬಾಳೆಹಣ್ಣು, ಅದೂ ಸಂಜೆ ಮಾರ್ಕೆಟ್ಟು ಕಟ್ಟುವ ಹೊತ್ತಿಗೆ ಹೋಗಿ, ಸಿಪ್ಪೆ ಕಪ್ಪಾದದ್ದು. "ಸಿಪ್ಪೆ ತಿಂದೀಯಾ? ಕಪ್ಪಗಿದ್ರೆ ನಿಂಗೇನು?" ನುಗ್ಗೆಸೊಪ್ಪಿಗೆ ವಠಾರದ ಹಿಂದಿನ ಮರವೇ ಇತ್ತು. ಉಂಡ ತಕ್ಷಣ ಟೀ ಕುಡಿಯಲು ಲೋಟ ಎತ್ತಿದರೆ ಪಕ್ಕದ ಮನೆಯಿಂದಲೇ "ಟೀ ಕುಡುದ್ರೆ ಉಂಡಿದ್ದು ರಕ್ತ ಆಗಕಿಲ್ಲ" ಎಂದು ಕೂಗು ಬರುತ್ತಿತ್ತು. ಅವರಿಗೆ ಹೇಗೆ ಗೊತ್ತಾಗುತ್ತಿತ್ತೋ, ಆ ದೇವರಿಗೇ ಗೊತ್ತು.

ಇದಕ್ಕೆಲ್ಲ ಅತ್ತೆ ಗೊಣಗಿದರೂ ಒಪ್ಪಿದರು. ಒಪ್ಪದೇ ಇದ್ದದ್ದು ಒಂದಕ್ಕೆ. ನಾನು ಮೊದಲು ಉಣ್ಣಬೇಕು ಅಂತ ದೇವೀರಮ್ಮ ಹಟ ಹಿಡಿದರು. "ಮನೇಲಿ ಗಂಡ್ಸು ಮಲ್ಗವ್ನೆ, ದೊಡ್ಡೋಳು ನಾನಿವ್ನಿ, ಇವ್ಳು ಮುಂಚೆ ಉಣ್ಣದಾ? ನಿನ್ ಬುದ್ಧಿ ನನ್ ಸೊಸೆಗೂ ಅಂಟಿಸ್ತಿದ್ದೀಯಾ?" ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು. ದೇವೀರಮ್ಮ ಅವತ್ತು ಹೊಸ್ತಿಲ ಮೇಲೆ ಕೂತರು. ಮೊದಲ ಸಲ ಅವರ ದನಿ ತಗ್ಗಿದ್ದನ್ನು ಕೇಳಿದೆ.

"ನನ್ ತಂಗಿ ಒಬ್ಳಿದ್ಲು ಕಣಕ್ಕ. ಚಿನ್ನದಂತೋಳು. ಮನೆ ತುಂಬಾ ಜನ, ಎಲ್ರಿಗೂ ಇಕ್ಕೋಳು, ತಾನು ಸೀಕು ಕೆರ್ಕೊಂಡ್ ತಿನ್ನೋಳು. ಒಳ್ಳೇ ಸೊಸೆ ಅಂತ ಊರೆಲ್ಲ ಒಗಳ್ತು. ಹೆರಿಗೇಲಿ ಹೋದ್ಲು. ರಕ್ತಾನೇ ಇರ್ನಿಲ್ವಂತೆ ಮೈಯಾಗೆ. ಒಳ್ಳೇ ಸೊಸೆ ಅನ್ನಿಸ್ಕೊಂಡು ಮಣ್ಣಾದ್ಲು. ಅವತ್ತಿಂದ ನಾನು ಮುಂಚೆ ಉಣ್ತೀನಿ. ಬೈಯೋರು ಬೈಕೊಳ್ಳಿ."

ಅತ್ತೆ ಬಾಗಿಲು ಬಿಟ್ಟು ಒಳಗೆ ಹೋದರು. ಮಾರನೆಯ ದಿನ ಮುದ್ದೆ ಕಟ್ಟಿದಾಗ ನಾನು ಹೆದರುತ್ತಾ ಹೆದರುತ್ತಾ ತಟ್ಟೆ ಹಾಕಿಕೊಂಡೆ. ಅತ್ತೆ ಮುಖ ತಿರುಗಿಸಿಕೊಂಡು ಕೂತರು, ಅಷ್ಟೆ. ಮುಂದಿನ ಪರೀಕ್ಷೆಯಲ್ಲಿ ಸಿಸ್ಟರ್ "ಪರವಾಗಿಲ್ಲ, ಏರ್ತಾ ಇದೆ" ಅಂದರು. ನಾನು ಆರೋಗ್ಯ ಕೇಂದ್ರದಿಂದ ಮನೆವರೆಗೆ ನಗುತ್ತಾ ನಡೆದುಬಂದೆ.

ಆಮೇಲೆ ಜಡಿಮಳೆ ಹಿಡಿಯಿತು. ಸೊಪ್ಪಿನವರು ಬೀದಿಗೆ ಬರಲಿಲ್ಲ, ಬಂದರೂ ಬೆಲೆ ಕೇಳುವ ಹಾಗಿರಲಿಲ್ಲ. ದೇವೀರಮ್ಮ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ರೈಲ್ವೆ ಕಾಂಪೌಂಡಿನ ಪಕ್ಕದ ಖಾಲಿ ಸೈಟುಗಳಿಗೆ ಹೋಗಿ, ಮಡಿಲು ತುಂಬಾ ಬೆರಕೆ ಸೊಪ್ಪು ತಂದರು. ಬೆರಕೆ ಸೊಪ್ಪು ಅಂದರೆ ನಮ್ಮ ಕಡೆಯವರಿಗೆ ಬಾಯಲ್ಲಿ ನೀರು ಬರುತ್ತದೆ. ಯಾರೂ ಬಿತ್ತದೆ ತಾನಾಗಿ ಹುಟ್ಟಿದ ಅಣ್ಣೆ, ಗಣಿಕೆ, ಕಿರಕೀರೆ, ಹೊನಗೊನ್ನೆ, ಇನ್ನೂ ಹೆಸರು ಗೊತ್ತಿಲ್ಲದ ಎಷ್ಟೋ ಸೊಪ್ಪುಗಳ ತುದಿ ಚಿವುಟಿ, ಒಟ್ಟಿಗೆ ಬೇಯಿಸಿ ಬಸ್ಸಾರು ಮಾಡುವುದು. ಕಾಸಿಲ್ಲದ ಮನೆಗೆ ಇದಕ್ಕಿಂತ ಒಳ್ಳೆ ಊಟವಿಲ್ಲ. ಅವರು ತಮ್ಮ ಹೊಸ್ತಿಲಲ್ಲಿ ಕೂತು ಸೋಸಿದರು. ಒಂದೊಂದು ಕುಡಿಯನ್ನೂ ಬೆರಳಲ್ಲಿ ಸವರಿ, ಮೂಗಿಗೆ ಹಿಡಿದು, ಬುಟ್ಟಿಗೆ ಹಾಕುತ್ತಿದ್ದರು. "ಕಣ್ಣಲ್ಲಿ ನೋಡೋದೇ ಬ್ಯಾಡ್ವಾ ದೊಡ್ಡಮ್ಮ ನಿಮಗೆ?" ಎಂದೆ ಬೆರಗಾಗಿ. "ಕಣ್ಯಾಕವ್ವಾ, ಕೈಗೇ ಗೊತ್ತು" ಅಂದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತೆಂದು, ಆಪರೇಷನ್ನಿಗೆ ಹೆದರಿ ಅದನ್ನು ಯಾರಿಗೂ ಹೇಳದೆ ಇದ್ದರೆಂದು ನನಗೆ ಆಗ ಗೊತ್ತಿರಲಿಲ್ಲ. ಮಳೆಯಲ್ಲಿ ನೆನೆದ ಸೊಪ್ಪಿಗೆ ವಾಸನೆಯೂ ಸತ್ತಿತ್ತು.

ಸೋಸಿದ್ದನ್ನೆಲ್ಲ ಅವರು ನಮಗೇ ಕೊಟ್ಟರು, ನಮ್ಮ ಒಲೆಯ ಮೇಲೆ ಅಡುಗೆಯಾಯಿತು. ಅತ್ತೆ ಸೊಸೈಟಿಗೆ ಹೋಗಿದ್ದರು, ಮಹೇಶ ಬಚ್ಚಲಲ್ಲಿ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಒದ್ದಾಡುತ್ತಿದ್ದರು. ನಾನು ಪದ್ಧತಿಯಂತೆ ಮೊದಲು ಉಂಡೆ. ಅವರಿಬ್ಬರೂ ಬರುವ ಹೊತ್ತಿಗೆ ಬಡಿಸೋಣ ಅಂತ ಗೋಡೆಗೆ ಒರಗಿ ಕೂತೆ. ಬಾಯಿ ಒಣಗಿತು. ನೀರು ಕುಡಿದೆ, ಇನ್ನೂ ಒಣಗಿತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಬಿಡಿಸಲು ಬರಲಿಲ್ಲ. ಎದೆ ಡವಡವ ಅಂತ ಹೊಡೆದುಕೊಳ್ಳಲು ಶುರುವಾಯಿತು. ಗೋಡೆಯ ಮೇಲಿನ ಕ್ಯಾಲೆಂಡರಿನ ಚಾಮುಂಡಿ ಕತ್ತು ತಿರುಗಿಸಿ ನನ್ನನ್ನೇ ನೋಡಿದಳು. ಅಯ್ಯೋ ತಾಯೀ! ಕೂಗಬೇಕೆಂದು ಬಾಯಿ ತೆರೆದೆ, ಒಣಗಿದ ಗಂಟಲಿನಿಂದ ಏನೋ ಒಂದು ಸದ್ದು ಬಂತು. ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಇದೂ ಹೋಯಿತು, ಇದೂ ಹೋಯಿತು ಅಂದುಕೊಂಡದ್ದು ನೆನಪಿದೆ. ಆ ಹೆದರಿಕೆ ಈಗಲೂ ಒಮ್ಮೊಮ್ಮೆ ಮೈಮೇಲೆ ಬರುತ್ತದೆ.

ಉಳಿದದ್ದನ್ನು ಮಹೇಶ ಹೇಳಿದ್ದು. ಸದ್ದು ಕೇಳಿ ದೇವೀರಮ್ಮ ಓಡಿಬಂದರಂತೆ. ನನ್ನ ಗದ್ದ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ಕಣ್ಣು ನೋಡಿದರಂತೆ. ನನ್ನ ಕಣ್ಣಿನ ಪಾಪೆ ಅಗಲವಾಗಿ ಅರಳಿಹೋಗಿತ್ತು. "ಉಮ್ಮತ್ತಿ!" ಅಂತ ಕಿರುಚಿ, "ಆ ಪಾತ್ರೆ ಯಾರೂ ಮುಟ್ಬ್ಯಾಡಿ, ಯಾರೂ ಮುಟ್ಬ್ಯಾಡಿ!" ಎಂದು ಬಡಕೊಳ್ಳುತ್ತಾ ಎದುರುಮನೆಯವರ ಆಟೋ ಎಬ್ಬಿಸಿದರು. ಆಟೋ ಹತ್ತುವ ಮುಂಚೆ ತಮ್ಮ ಹೊಸ್ತಿಲಿಗೆ ಓಡಿ, ಸೋಸಿ ಬಿಸಾಕಿದ್ದ ಕಡ್ಡಿ, ಬೇರು, ದಂಟನ್ನೆಲ್ಲ ಸೆರಗಿಗೆ ಬಾಚಿಕೊಂಡರು.

ಬೇಕೆಂದರೆ ಸುಮ್ಮನಿರಬಹುದಿತ್ತು. ಮಾರ್ಕೆಟ್ಟಿನ ಸೊಪ್ಪು ಅನ್ನಬಹುದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಏನು ತಿಂದಿದ್ದಾರೆ ಎಂದು ಕೇಳಿದಾಗ, ಸೆರಗು ಬಿಚ್ಚಿ ಮೇಜಿನ ಮೇಲೆ ಸುರಿದು, "ನಾನೇ ಕಿತ್ತಿದ್ದು ಸ್ವಾಮಿ, ನಾನೇ ಸೋಸಿದ್ದು. ಗಣಿಕೆ ಅಂದ್ಕಂಡು ಉಮ್ಮತ್ತಿ ಕುಡಿ ಕಿತ್ಬುಟ್ಟಿವ್ನಿ. ಇದ್ರಾಗೆ ಅದೆ, ನೋಡಿ. ಬಸುರಿ ಹೆಂಗ್ಸು, ಬ್ಯಾಗ ನೋಡಿ" ಅಂದರಂತೆ. ಡಾಕ್ಟರು ಆ ಕಸದಲ್ಲಿ ಉಮ್ಮತ್ತಿಯ, ಅಂದರೆ ವಿಷದ ದತ್ತೂರಿಯ, ಎಳೆದಂಟನ್ನು ಹುಡುಕಿ ತೆಗೆದು, ನನ್ನ ಹೊಟ್ಟೆ ತೊಳೆಸಿದರು. ಅಷ್ಟು ಹೊತ್ತಿಗೆ ಸುದ್ದಿ ತಿಳಿದು ಅತ್ತೆ ಎದೆ ಬಡಿದುಕೊಳ್ಳುತ್ತಾ ಬಂದರು. ಆಸ್ಪತ್ರೆಯ ವರಾಂಡದಲ್ಲಿ, ಅಷ್ಟೂ ಜನರ ಮುಂದೆ, ದೇವೀರಮ್ಮನ ಮುಖಕ್ಕೆ ಕೈ ನೀಡಿ, "ನಿನ್ ಕೈ ಸೇದೋಗ! ಇನ್ನೊಬ್ರಿಗೆ ಇಕ್ಕಿದ ನಿನ್ ಕೈ ಸೇದೋಗ!" ಎಂದು ಶಾಪ ಹಾಕಿದರು. ದೇವೀರಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡರು.

ನಾನು ಉಳಿದೆ. ಹೊಟ್ಟೆಯ ಕೂಸಿನ ಎದೆಬಡಿತವೂ ಸರಿಯಾಗಿಯೇ ಇದೆ ಅಂದರು. ಆದರೆ ಡಾಕ್ಟರು ಹೇಳಿದ ಮಾತ್ರಕ್ಕೆ ಹೆದರಿಕೆ ಹೋಗುತ್ತದೆಯೇ? ಮನೆಗೆ ಬಂದ ಮೇಲೆ ಕೂಸು ಒದ್ದರೆ ಯಾಕೆ ಹೀಗೆ ಒದೆಯುತ್ತಿದೆ ಎಂಬ ಭಯ, ಒದೆಯದಿದ್ದರೆ ಯಾಕೆ ಒದೆಯುತ್ತಿಲ್ಲ ಎಂಬ ಭಯ. ಅದಕ್ಕಿಂತ ದೊಡ್ಡ ಭಯ ತಟ್ಟೆಯದು. ಹಸಿರು ಕಂಡರೆ ತಟ್ಟೆಯನ್ನೇ ದೂಡುತ್ತಿದ್ದೆ. ಕೊತ್ತಂಬರಿ ಸೊಪ್ಪನ್ನೂ ಆರಿಸಿ ಹೊರಗಿಡುತ್ತಿದ್ದೆ. ಬಿಳಿ ಅನ್ನ, ಉಪ್ಪು, ಸಾರಿನ ತಿಳಿ, ಇಷ್ಟೇ ಗಂಟಲಲ್ಲಿ ಇಳಿಯುತ್ತಿತ್ತು. ಮಹೇಶ "ನೀನ್ ಹಿಂಗೆ ಮಾಡಿದ್ರೆ ಹೆಂಗೆ?" ಎಂದು ಬೇಡಿಕೊಂಡರು, ಅತ್ತೆ ಬೈದರು, ಆದರೆ ಯಾರು ಏನು ಹೇಳಿದರೂ ನನ್ನ ಕೈಯೇ ಏಳುತ್ತಿರಲಿಲ್ಲ. ಅಷ್ಟು ಕಷ್ಟಪಟ್ಟು ಏರಿಸಿದ್ದ ರಕ್ತ ಮತ್ತೆ ಇಳಿಯಿತು. ಸಿಸ್ಟರ್ ಚೀಟಿ ನೋಡಿ ಈ ಸಲ ಬೈಯಲೂ ಇಲ್ಲ. ಅದು ನನಗೆ ಇನ್ನೂ ಹೆದರಿಕೆ ಹುಟ್ಟಿಸಿತು.

ದೇವೀರಮ್ಮ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದ್ದರು. ಗೋಡೆಯಾಚೆ ಸದ್ದೇ ಇರುತ್ತಿರಲಿಲ್ಲ. ಆದರೆ ರಕ್ತ ಇಳಿದ ಸುದ್ದಿ ಹೇಗೋ ಅವರಿಗೆ ಮುಟ್ಟಿತು. ಮಧ್ಯಾಹ್ನ ಬಂದು ನಮ್ಮ ಹೊಸ್ತಿಲಿನಿಂದ ಒಂದು ಮಾರು ದೂರದಲ್ಲಿ ನಿಂತರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

"ನಾನು ಏನೂ ಮುಟ್ಟಕಿಲ್ಲ ಮಗಾ. ಬಾಯಲ್ಲಿ ಯೋಳ್ತೀನಿ, ನೀನೇ ಮಾಡ್ಕೊ. ನೀನೇ ನೋಡಿ ಕೊಂಡ್ಕೊ, ನೀನೇ ಸೋಸ್ಕೊ. ಉಣ್ಣದ್ ಮಾತ್ರ ಬುಡ್ಬ್ಯಾಡ ಕಣವ್ವ. ನಿನ್ ಕಾಲಿಗ್ ಬೀಳ್ತೀನಿ."

"ನಂಗೆ ಭಯ ಆಗುತ್ತೆ ದೊಡ್ಡಮ್ಮ."

"ನಂಗೂ ಆಯ್ತದೆ. ನಿಂಗಿಂತ ಜಾಸ್ತಿ ಆಯ್ತದೆ. ಭಯ ಪಟ್ಕೊಂಡೇ ಉಣ್ಣು."

ಒಳಗೆ ಕೂತಿದ್ದ ಅತ್ತೆ ಬಾಗಿಲು ಹಾಕಲು ಎದ್ದವರು, ಈ ಮಾತು ಕೇಳಿ ಮತ್ತೆ ಕೂತರು.

ಅಲ್ಲಿಂದ ಮುಂದಕ್ಕೆ ನಮ್ಮ ಅಡುಗೆ ಹಾಗೇ ನಡೆಯಿತು. ಅವರು ಹೊರಗೆ, ನಾನು ಒಳಗೆ. ಮಾರ್ಕೆಟ್ಟಿಗೆ ಹೋದರೆ ನನ್ನ ಹಿಂದೆ ಹಿಂದೆ ಬರುತ್ತಿದ್ದರು, ಒಂದು ಕಟ್ಟು ಸೊಪ್ಪನ್ನೂ ಕೈಯಲ್ಲಿ ಹಿಡಿಯುತ್ತಿರಲಿಲ್ಲ. ಸೊಪ್ಪು ಮಾರುವವಳಿಗೆ, "ಏಯ್, ಇದು ಯಾವ್ ತ್ವಾಟದ್ದು? ಬದಿನಾಗೆ ಕಿತ್ತಿದ್ದಾ, ಬಿತ್ತಿದ್ದಾ?" ಎಂದು ಪೊಲೀಸಿನವರಂತೆ ವಿಚಾರಣೆ ಮಾಡುತ್ತಿದ್ದರು. ಅವಳು "ನಿಮ್ಗೆ ಬ್ಯಾಡ್ದಿದ್ರೆ ಹೋಗ್ರಮ್ಮ" ಎಂದು ರೇಗುತ್ತಿದ್ದಳು. ಮೊದಮೊದಲು ನಾನು ಒಂದೊಂದೇ ಎಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ, ಅವರು ಹೊರಗಿನಿಂದ "ದಂಟಿನ ಬಣ್ಣ ಯೋಳು, ಎಲೆ ಅಂಚು ಯೋಳು" ಎಂದು ಕೇಳಿ ಕೇಳಿ ತೀರ್ಪು ಕೊಡುತ್ತಿದ್ದರು. ನಾನು ಮೊದಲ ತುತ್ತು ನುಂಗುವಾಗ ಅವರ ಗಂಟಲೂ ನುಂಗುತ್ತಿತ್ತು. ಉಂಡು ಮುಗಿದ ಮೇಲೆ ಅವರು ಕದಲುತ್ತಿರಲಿಲ್ಲ. ಬಿಸಿಲಿರಲಿ, ಹನಿ ಬೀಳುತ್ತಿರಲಿ, ನಿಂತೇ ಇರುತ್ತಿದ್ದರು. "ಬಾಯಿ ಒಣಗ್ತಾ ಅದಾ?" "ಇಲ್ಲ." "ಕಣ್ಣು ಮಂಜಾ?" "ಇಲ್ಲ ದೊಡ್ಡಮ್ಮ, ಹೋಗಿ ನೀವೂ ಉಣ್ಣಿ." ಆಗಲೇ ನನಗೆ ಗೊತ್ತಾದದ್ದು, ದೇವೀರಮ್ಮ ಈಗ ಮೊದಲು ಉಣ್ಣುವುದನ್ನು ಬಿಟ್ಟಿದ್ದಾರೆ ಎಂದು.

ಹೆರಿಗೆ ಸುಲಭವಾಗಲಿಲ್ಲ. ತುಂಬಾ ರಕ್ತ ಹೋಯಿತು. ಅಷ್ಟಾದರೂ ತಡೆದುಕೊಂಡೆ. "ಕೊನೇ ತಿಂಗಳಲ್ಲಿ ರಕ್ತ ಏರಿದ್ದಕ್ಕೆ ಬಚಾವಾದ್ರಿ" ಎಂದು ವಾರ್ಡಿನ ಸಿಸ್ಟರ್ ಹೇಳಿದರು. ಹೆಣ್ಣುಮಗು. ದೇವೀರಮ್ಮ ಆಸ್ಪತ್ರೆಯ ಗೇಟಿನ ಹತ್ತಿರವೇ ಕೂತಿದ್ದರಂತೆ, ಒಳಗೆ ಬರಲಿಲ್ಲ. ಮಹೇಶ ಊರುಗೋಲು ಊರಿಕೊಂಡು ಹೋಗಿ ಹೇಳಿದಾಗ, ಗಂಡೋ ಹೆಣ್ಣೋ ಕೇಳಲಿಲ್ಲ. "ಕಣ್ಣು ಬುಡ್ತಾ? ಅಳ್ತಾ? ಕೈಕಾಲು ಆಡಿಸ್ತಾ?" ಎಂದು ಕೇಳಿದರು.

ಆ ಕೇಳುವುದು ನಿಲ್ಲಲೇ ಇಲ್ಲ. ಪುಟ್ಟಿ ಮಗುಚಿಕೊಂಡಾಗ, ಅಂಬೆಗಾಲಿಟ್ಟಾಗ, ಮೊದಲ ಮಾತಾಡಿದಾಗ, ಎಲ್ಲಕ್ಕೂ ಒಂದೇ ಪ್ರಶ್ನೆ. "ಸರಿಯಾಗದೆ ಅಲ್ವಾ? ತಲೆಗೇನೂ ಆಗಿಲ್ಲ ಅಲ್ವಾ?" ಡಾಕ್ಟರ ಹತ್ತಿರ ತೋರಿಸಿದ್ದೇವೆ, ಏನೂ ಇಲ್ಲ ಅಂದರೂ ನಂಬುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಅದೇ ಪುಕಪುಕ ಇತ್ತು, ಅದಕ್ಕೇ ಅವರ ಮೇಲೆ ಒಮ್ಮೊಮ್ಮೆ ರೇಗುತ್ತಿದ್ದೆ. ಪುಟ್ಟಿಗೆ ರಾಗಿ ಸರಿ ತಿನ್ನಿಸುವಾಗ "ನೀವೇ ಒಂದ್ ತುತ್ತು ಬಾಯಿಗಿಡಿ ದೊಡ್ಡಮ್ಮ" ಎಂದು ಬಟ್ಟಲು ಚಾಚಿದರೆ ಬೆಂಕಿ ಕಂಡವರಂತೆ ಹಿಂದೆ ಸರಿಯುತ್ತಿದ್ದರು. ಎತ್ತಿಕೊಳ್ಳುತ್ತಿದ್ದರು, ಸ್ನಾನ ಮಾಡಿಸುತ್ತಿದ್ದರು, ಬೆರಳು ಹಿಡಿದು ನಡೆಸುತ್ತಿದ್ದರು. ತಿನ್ನುವ ಒಂದು ಚೂರನ್ನೂ ಕೈಯಿಂದ ಕೊಡಲಿಲ್ಲ. ಅತ್ತೆ ಇದನ್ನೆಲ್ಲ ನೋಡುತ್ತಿದ್ದರು. ಆಡಿದ ಶಾಪವನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅವರ ಬಿಗುಮಾನ ಅವರಿಗೆ.

ಕೊನೆಗೆ ತಮ್ಮನ ಮಗ ಬಂದು ಅವರಿಗೆ ಪೊರೆ ತೆಗೆಸಿ, ನಂಜನಗೂಡು ರಸ್ತೆಯಾಚೆಯ ಬಡಾವಣೆಯಲ್ಲಿದ್ದ ತನ್ನ ಮನೆಗೆ ಕರೆದುಕೊಂಡು ಹೋದ. ಹೋಗುವ ದಿನ, "ಈಗ ಎಲ್ಲಾ ಕಾಣುತ್ತಲ್ಲ, ಇನ್ನೇನ್ ಭಯ?" ಅಂದೆ. "ಕಣ್ಣು ಬಂತು, ಧೈರ್ಯ ಬರ್ನಿಲ್ಲ ಕಣವ್ವ" ಅಂದರು.

ಪುಟ್ಟಿಗೆ ಚೆನ್ನಾಗಿ ಮಾತು ಬಂದ ಮೇಲೆ ಒಂದು ಭಾನುವಾರ ನಾನು ಅವಳನ್ನು ಕರೆದುಕೊಂಡು ಅಲ್ಲಿಗೆ ಹೋದೆ. ದೇವೀರಮ್ಮ ಸೊರಗಿದ್ದರು. ಎತ್ತರದ ಆಳು ಕುಗ್ಗಿಹೋಗಿ, ಮಂಚದ ಪಕ್ಕದಲ್ಲಿ ಕೂತು ಅನ್ನ, ಸೊಪ್ಪಿನ ಸಾರು ಕಲಸಿಕೊಂಡು ಉಣ್ಣುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಪುಟ್ಟಿ ಓಡಿಹೋಗಿ, ಅವರ ತಟ್ಟೆಗೆ ಕೈ ಹಾಕಿ, ಒಂದು ಹಿಡಿ ಬಾಯಿಗೆ ತುರುಕಿಕೊಂಡಳು.

"ಉಗುಳ್ಸು! ಅಯ್ಯೋ ಉಗುಳ್ಸೇ!" ದೇವೀರಮ್ಮ ಕಿರುಚಿದ ಕಿರುಚಿಗೆ ಒಳಗಿದ್ದ ಅವರ ಸೊಸೆ, ತಮ್ಮನ ಮಗನ ಹೆಂಡತಿ, ಓಡಿಬಂದಳು. ಸುಳ್ಳೇಕೆ ಹೇಳಲಿ, ನನ್ನ ಕೈಯೂ ಪುಟ್ಟಿಯ ಬಾಯಿಯವರೆಗೆ ಹೋಯಿತು. ಅಲ್ಲಿಗೇ ನಿಲ್ಲಿಸಿದೆ. ಪುಟ್ಟಿ ನುಂಗಿ, ತುಟಿ ನೆಕ್ಕಿ, "ಅಜ್ಜೀ, ಇನ್ನೂ" ಅಂದಳು.

"ಕೊಡಿ ದೊಡ್ಡಮ್ಮ" ಅಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಚಿಕ್ಕದೊಂದು ತುತ್ತು ಕಟ್ಟಿ ಪುಟ್ಟಿಯ ಬಾಯಿಗಿಟ್ಟರು. ಇನ್ನೊಂದು ಇಟ್ಟರು. ತಟ್ಟೆ ಖಾಲಿಯಾಗುವವರೆಗೆ ಇಟ್ಟರು.

ಅವತ್ತು ನಮ್ಮನ್ನು ಸುಲಭಕ್ಕೆ ಹೊರಡಲು ಬಿಡಲಿಲ್ಲ. "ಇನ್ನೊಸಿ ಹೊತ್ತು ಇರು, ನೋಡ್ಬುಟ್ಟು ಹೋಗು" ಅನ್ನುತ್ತಲೇ ಇದ್ದರು. ಪುಟ್ಟಿ ಅವರ ತೊಡೆಯ ಮೇಲೆ ನಿದ್ದೆ ಹೋದರೆ ಅಲ್ಲಾಡಿಸಿ ಎಬ್ಬಿಸಿ, "ಏ ಕೂಸೇ, ನಾನ್ಯಾರು ಯೋಳು" ಎಂದು ಕೇಳುತ್ತಿದ್ದರು. ಅವಳು "ಅಜ್ಜಿ" ಎಂದು ಸಿಡುಕಿ ಮತ್ತೆ ಮಲಗುತ್ತಿದ್ದಳು. ಬಸ್ಸು ಒಂದಾದ ಮೇಲೊಂದು ಹೋದವು. ಸಂಜೆಯ ಬಸ್ಸಿಗೆ ಬಿಟ್ಟರು. ಮಾರನೆಯ ಬೆಳಿಗ್ಗೆ ಇನ್ನೂ ಮುಖ ತೊಳೆದಿರಲಿಲ್ಲ, ಫೋನು ಬಂತು.

"ಎದ್ದಾ ಕೂಸು? ಏನೂ ಆಗ್ನಿಲ್ವಾ?"

"ಏನೂ ಆಗ್ಲಿಲ್ಲ ದೊಡ್ಡಮ್ಮ. ಎದ್ದು ಆಟ ಆಡ್ತಾ ಇದಾಳೆ."

"ನಿಜ್ವಾಗ್ಲೂವಾ?"

"ನಿಜವಾಗ್ಲೂ."

ಆ ಕಡೆಯಿಂದ ಅಳುವುದು ಕೇಳಿಸಿತು. ಅಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ಕೇಳಿರಲಿಲ್ಲ. ನಾನೂ ಅತ್ತುಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಮೂಗು ಸೀಟಿ, ಹಳೆಯ ಗುಡುಗಿನ ದನಿಯಲ್ಲಿ, "ಅಂಗಾರೆ ಮುಂದಿನ್ ಭಾನ್ವಾರ ಕರ್ಕೊಂಡ್ ಬಾ. ನಾನೇ ಮಾಡಿಕ್ತೀನಿ" ಅಂದರು.

ಮುಂದಿನ ಭಾನುವಾರ ನಾವು ಹೋದದ್ದು ಅವರನ್ನು ಮಣ್ಣಿಗೆ ಕಳಿಸಲು. ಹಿಂದಿನ ದಿನ ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲವಂತೆ. ಎಲ್ಲ ಮುಗಿದ ಮೇಲೆ ಅವರ ಸೊಸೆ ನನ್ನನ್ನು ಅಡುಗೆಮನೆಗೆ ಕರೆದು, ಮೊಳೆಗೆ ತೂಗುಹಾಕಿದ್ದ ಒದ್ದೆ ಬಟ್ಟೆಯ ಗಂಟೊಂದನ್ನು ಇಳಿಸಿಕೊಟ್ಟಳು. "ಭಾನುವಾರಕ್ಕೆ ಪುಟ್ಟಿಗೆ ಅಂತ ಅತ್ತೇನೇ ಆರಿಸಿ, ನೆನೆಸಿ, ಕಟ್ಟಿಟ್ಟಿದ್ರು ಕಣಕ್ಕ. ಯಾರ್ಗೂ ಮುಟ್ಟಕ್ಕೆ ಬಿಡ್ಲಿಲ್ಲ." ಹುರುಳಿಕಾಳು.

ಸಾವಿನ ಮನೆಯಿಂದ ತಿನ್ನುವ ಪದಾರ್ಥ ತರುವ ಹಾಗಿಲ್ಲ. ಅದು ಗೊತ್ತಿದ್ದೂ ತಂದೆ. ಮನೆಗೆ ಬಂದು ಸ್ನಾನ ಮಾಡಿ ಬಂದಾಗ ಗಂಟು ಅತ್ತೆಯ ಕೈಯಲ್ಲಿತ್ತು. ಯಾರದ್ದು ಎಂದು ಮಹೇಶ ಹೇಳಿದ್ದರು. ಬೈದು ಹೊರಗೆ ಬಿಸಾಕುತ್ತಾರೆ ಅಂದುಕೊಂಡು ನಾನು ಬಾಗಿಲಲ್ಲೇ ನಿಂತೆ. ಅತ್ತೆ ಗಂಟು ಬಿಚ್ಚಿದರು. ಕಾಳನ್ನು ಅಂಗೈಯಲ್ಲಿ ಹರಡಿ, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಒಂದ್ ಕಲ್ಲಿಲ್ಲ, ಒಂದ್ ಹುಳುಕಿಲ್ಲ" ಅಂದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆ ಹಚ್ಚಿದರು.